ಪದದ ಅರ್ಥವೂ ಪದದ ಪ್ರಯೋಗವೂ: ಒಂದು ಇಂಗ್ಲಿಷ್ ಕೋಶದ ಚರಿತ್ರೆ

ಒಂದು ಪದದ ಅರ್ಥವನ್ನು ಬಲ್ಲವನು ಆ ಪದವನ್ನು ಬಳಸಲೂ ಬಲ್ಲನೆಂದು ಹೇಳಲಾಗದು. ಇಂಗ್ಲಿಷಿನ ‘ಸಜೆಸ್ಟ್’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಬಹುದು. ಅದಕ್ಕೆ ‘ಸೂಚಿಸು’ ಎಂದರ್ಥವೆಂಬುದು ಪ್ರೌಢಶಾಲೆಯ ಹುಡುಗನಿಗೂ ಗೊತ್ತು. ಕನ್ನಡದಲ್ಲಿ ‘ಹೋಗುವಂತೆ ಅವನಿಗೆ ಸೂಚಿಸಿದೆನು’ ಎಂದು ಹೇಳಿ ಅಭ್ಯಾಸವಾದವನು ಇಂಗ್ಲಿಷಿನಲ್ಲಿ ‘ಐ ಸಜೆಸ್ಟೆಡ್ ಹಿಮ್ ಟು ಗೋ’ ಎಂದು ಬರೆಯುತ್ತಾನೆ. ‘ಐ ಟೋಲ್ಡ್ ಹಿಮ್ ಟು ಗೋ’, ‘ಐ ಆಸ್ಕ್ಡ್ ಹಿಮ್ ಟು ಗೋ’ ಎಂಬುವು ಸರಿಯಾಗಿರುವಾಗ ಇದೊಂದೇ ಏಕೆ ತಪ್ಪಾಗಬೇಕೆಂಬುದು ಅವನಿಗೆ ಹೊಳೆಯದು. ಉಪಾಧ್ಯಾಯನು ಕೆಂಪು ಮಸಿಯಿಂದ ಗೆರೆಯೆಳೆದು ‘ಐ ಸಜೆಸ್ಟೆಡ್ ದಟ್ ಹಿ ಶುಡ್ ಗೋ’ ಎಂದು ತಿದ್ದುತ್ತಾನೆ. ಕಾರಣ ಕೇಳಿದರೆ ‘ಇಂಗ್ಲಿಷರು ಹಾಗೆ ಹೇಳುವುದಿಲ್ಲ’ ಎಂಬುದೊಂದೇ ಉತ್ತರ. ಉತ್ತರವೇನೋ ಸುಳ್ಳಲ್ಲ. ಆದರೆ ಇಂಗ್ಲಿಷರು ಹೇಗೆ ಹೇಳುವರೆಂಬುದನ್ನು ಪದಪದಕ್ಕೂ ತೋರಿಸಿಕೊಡುವ ಗ್ರಂಥವು ಹುಡುಗನಿಗಾಗಲಿ ಉಪಾಧ್ಯಾಯನಿಗಾಗಲಿ ಬಹುಕಾಲದವರೆಗೆ ದೊರೆಯಲಿಲ್ಲ. ಇಂಗ್ಲಿಷ್ ಭಾಷೆಯ ಮೊದಲನೆಯ ಕೋಶವು ಅಚ್ಚಾದುದು ೧೬೦೪ರಲ್ಲಿ. ವಾಕ್ಯದಲ್ಲಿ ಪದವು ನಿಲ್ಲುವ ಬಗೆಯನ್ನು ಮುಖ್ಯವಾಗಿಟ್ಟುಕೊಂಡು, ಕಲಿಯುವವನಿಗಾಗಿಯೇ ರಚಿತವಾದ ದೊಡ್ಡ ಕೋಶವು ಹೊರಬಿದ್ದುದು ೧೯೪೨ರಲ್ಲಿ. ನಡುವೆ ಮುನ್ನೂರಮೂವತ್ತೆಂಟು ವರ್ಷಗಳು ಕಳೆದುವು. ಆ ಕೋಶವು ಹುಟ್ಟಿದ ಊರು ಲಂಡನ್ನೂ ಅಲ್ಲ, ಆಕ್ಸ್‌ಫರ್ಡೂ ಅಲ್ಲ; ಇಂಗ್ಲೆಂಡಿನ ಮೇಲೆ ಯುದ್ಧ ಹೂಡಿದ್ದ ಜಪಾನಿನ ರಾಜಧಾನಿ ಟೋಕಿಯೊ.

೧೬೦೪ರ ಆ ಮೊದಲ ಕೋಶವನ್ನು ರಚಿಸಿದವನು ರಾಬರ್ಟ್ ಕಾಡ್ರಿ ಎಂಬ ಶಾಲೋಪಾಧ್ಯಾಯನು. ಅದರಲ್ಲಿದ್ದುವು ಸುಮಾರು ಎರಡೂವರೆ ಸಾವಿರ ‘ಕಠಿನಪದ’ಗಳು. ಲ್ಯಾಟಿನ್, ಗ್ರೀಕ್, ಫ್ರೆಂಚ್ ಮೂಲದ ಮಾತುಗಳನ್ನು ಓದಿ ಅರ್ಥವಾಗದೆ ತಬ್ಬಿಬ್ಬಾಗುವ ಸ್ತ್ರೀಯರಿಗೂ ಅಲ್ಪವಿದ್ಯರಿಗೂ ನೆರವಾಗಬೇಕೆಂಬುದೇ ಅವನ ಉದ್ದೇಶ. ‘ಗೋ’, ‘ಟೇಕ್’, ‘ಮೇಕ್’ ಮೊದಲಾದ ದಿನಬಳಕೆಯ ಮಾತುಗಳಿಗೆ ಅರ್ಥ ಹೇಳಬೇಕೆಂಬ ಯೋಚನೆಯೇ ಆ ಕಾಲದವರಿಗೆ ಬರುವಂತಿರಲಿಲ್ಲ. ಬಾಲ್ಯದಿಂದ ಬಾಯಲ್ಲಿ ಆಡಿದ ಮಾತನ್ನು ಕೋಶದಲ್ಲಿ ಹುಡುಕುವವರು ಯಾರು? ಆದರೆ ಪರದೇಶದವನನ್ನು ಕಾಡುವುವು ಆ ಚಿಕ್ಕ ಮಾತುಗಳೇ.

ಈ ಸಂಗತಿಯನ್ನು ಮೊದಲು ಗಟ್ಟಿಯಾಗಿ ಕಂಡವನು ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ನನು. ಲಂಡನ್ನಿನ ಪುಸ್ತಕವ್ಯಾಪಾರಿಗಳು ೧೭೪೬ರಲ್ಲಿ ಅವನೊಡನೆ ಒಪ್ಪಂದ ಮಾಡಿಕೊಂಡು ೧,೫೦೦ ಗಿನಿಗಳನ್ನು ಗೊತ್ತುಮಾಡಿದರು. ಮೂರು ವರ್ಷಗಳಲ್ಲಿ ಮುಗಿಸುವೆನೆಂದು ಅವನು ಮಾತು ಕೊಟ್ಟನು; ಮುಗಿಯುವ ಹೊತ್ತಿಗೆ ಸುಮಾರು ಒಂಬತ್ತು ವರ್ಷಗಳಾಗಿದ್ದುವು. ಗಫ್ ಸ್ಕ್ವೇರಿನ ಮನೆಯ ಮೇಲಂತಸ್ತಿನಲ್ಲಿ ಆರು ಮಂದಿ ಬರಹಗಾರರು ಅವನು ಗೆರೆಯೆಳೆದುಕೊಟ್ಟ ವಾಕ್ಯಗಳನ್ನು ನಕಲು ಮಾಡಿದರು. ಅವರಲ್ಲಿ ಐವರು ಸ್ಕಾಟ್ಲೆಂಡಿನವರು. ಸ್ಕಾಟರನ್ನು ಕಂಡರೆ ಹಾಸ್ಯಮಾಡದೆ ಬಿಡದ ಜಾನ್ಸನ್ನನು ಇಂಗ್ಲಿಷರ ಭಾಷೆಯ ಕೋಶವನ್ನು ಸ್ಕಾಟರ ಕೈಯಿಂದ ಬರೆಯಿಸಿದುದು ವಿನೋದದ ಸಂಗತಿ. ನಡುವೆ ೧೭೫೨ರಲ್ಲಿ ಅವನ ಪತ್ನಿಯು ತೀರಿಕೊಂಡಳು. ೧೭೫೫ನೆಯ ಏಪ್ರಿಲ್ ೧೫ರಂದು ಎರಡು ಬೃಹತ್ ಸಂಪುಟಗಳಲ್ಲಿ ಕೋಶವು ಪ್ರಕಟವಾಯಿತು. ಪದಗಳು ನಲವತ್ತೆರಡು ಸಾವಿರಕ್ಕೆ ಮೇಲ್ಪಟ್ಟಿದ್ದುವು. ಗ್ರಂಥಕರ್ತರಿಂದ ಆಯ್ದ ಉದಾಹರಣೆಗಳು ಲಕ್ಷವನ್ನು ಮೀರಿದ್ದುವು.

ಕನ್ನಡಿಗರಿಗೆ ಈ ಕ್ರಮವು ಅಪರಿಚಿತವಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ, ಪೂರ್ವಕವಿಗಳ ಪ್ರಯೋಗಗಳನ್ನು ಎತ್ತಿ ತೋರಿಸಿದನು. ಸೂತ್ರಕ್ಕೆ ಸಾಕ್ಷಿಯು ಪ್ರಯೋಗವೆಂಬ ನಂಬಿಕೆ ಇಬ್ಬರಲ್ಲಿಯೂ ಒಂದೇ. ಜಾನ್ಸನ್ನನ ಹಿರಿಮೆ ಮತ್ತೊಂದಿದೆ. ‘ಟೇಕ್’ ಎಂಬ ಒಂದೇ ಕ್ರಿಯಾಪದಕ್ಕೆ ಅವನು ೧೩೪ ಬಗೆಯ ಪ್ರಯೋಗಗಳನ್ನು ಬಿಡಿಸಿಟ್ಟನು. ‘ಕಮ್ ಆಫ್’, ‘ಫಾಲ್ ಆನ್’ ಎಂಬಂತೆ ಕ್ರಿಯಾಪದದ ಬೆನ್ನಿಗೆ ಒಂದು ಸಣ್ಣ ಅವ್ಯಯವು ಸೇರಿದ ಮಾತ್ರಕ್ಕೆ ಅರ್ಥವೇ ತಿರುಗಿಬಿಡುವುದೆಂದೂ, ಪರದೇಶೀಯರಿಗೆ ಅತ್ಯಂತ ಕಷ್ಟವಾಗಿರುವುದು ಇದೇ ಎಂದೂ, ಆದುದರಿಂದ ಅಂಥವುಗಳನ್ನು ವಿಶೇಷ ಶ್ರದ್ಧೆಯಿಂದ ಗುರುತು ಹಾಕಿರುವೆನೆಂದೂ ಅವನು ತನ್ನ ಪೀಠಿಕೆಯಲ್ಲಿ ತಿಳಿಸಿದ್ದಾನೆ. ಪರದೇಶದವನ ಕಷ್ಟವನ್ನು ಇಂಗ್ಲಿಷ್ ಕೋಶಕಾರನೊಬ್ಬನು ಹೀಗೆ ನೆನೆದುದು ದೊಡ್ಡ ಮಾತು. ಆದರೂ ಅವನ ಕೋಶವು ಇಂಗ್ಲಿಷರಿಗಾಗಿಯೇ ಹುಟ್ಟಿದುದು. ಷೇಕ್ಸ್‌ಪಿಯರನ ಪಂಕ್ತಿಯನ್ನೋದಿ ಅದರಂತೆ ಪತ್ರ ಬರೆಯಲು ಹೊರಟ ಪರದೇಶದವನ ಗತಿಯೇನಾಗುವುದೆಂಬುದನ್ನು ಊಹಿಸಬಹುದು.

ಜಾನ್ಸನ್ನನ ಅನಂತರ ಬಂದವರು ತಿದ್ದುವವರು. ರಾಬರ್ಟ್ ಲೌತನು ೧೭೬೨ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್ ಮೊದಲಾದವರ ವಾಕ್ಯಗಳನ್ನು ಅಡಿಟಿಪ್ಪಣಿಗಳಲ್ಲಿ ನಿಲ್ಲಿಸಿ ತಪ್ಪು ಹಿಡಿದನು. ಯಾರ್ಕಿನ ಬಾಲಿಕಾಪಾಠಶಾಲೆಯೊಂದಕ್ಕಾಗಿ ಲಿಂಡ್ಲಿ ಮರ್ರೆಯು ಬರೆದ ೧೭೯೫ರ ವ್ಯಾಕರಣವು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ತಲೆಮಾರುಗಳ ಮಕ್ಕಳ ತಲೆಯ ಮೇಲೆ ಕುಳಿತಿತು. ಬಹಳ ಮುಂದೆ, ೧೯೨೬ರಲ್ಲಿ, ಎಚ್. ಡಬ್ಲ್ಯೂ. ಫೌಲರನು ಪದಪ್ರಯೋಗವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಹೊರತಂದನು. ಅದು ರಸವತ್ತಾದ ಪುಸ್ತಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವರೆಲ್ಲರೂ ಮಾತನಾಡಿದುದು ಇಂಗ್ಲಿಷನ್ನು ತಾಯಿಯ ಮಡಿಲಲ್ಲಿ ಕಲಿತವರೊಡನೆ. ‘ಸಜೆಸ್ಟ್ ಹಿಮ್ ಟು ಗೋ’ ಎಂದು ಅವರಲ್ಲಿ ಯಾರೂ ಹೇಳುತ್ತಿರಲಿಲ್ಲವಾದ ಕಾರಣ ಆ ತಪ್ಪನ್ನು ತಿದ್ದುವ ಪ್ರಸಂಗವೂ ಇವರಿಗೆ ಬರಲಿಲ್ಲ. ಕಾಲಿಗೆ ಮುಳ್ಳು ಚುಚ್ಚದವನು ದಾರಿಯ ಮುಳ್ಳನ್ನು ಲೆಕ್ಕವಿಡುವುದಿಲ್ಲವಷ್ಟೆ.

ಮುಳ್ಳು ಚುಚ್ಚಿದುದು ಭಾರತೀಯರಿಗೆ. ೧೮೩೫ರಲ್ಲಿ ಬೆಂಟಿಂಕನ ಸರ್ಕಾರವು ಮೆಕಾಲೆಯ ವಾದವನ್ನು ಒಪ್ಪಿ ಇಂಗ್ಲಿಷ್ ವಿದ್ಯೆಗೆ ಹಣವನ್ನು ತಿರುಗಿಸಿತು. ೧೮೪೪ರಲ್ಲಿ ಹಾರ್ಡಿಂಜನು ಇಂಗ್ಲಿಷ್ ಕಲಿತವರಿಗೆ ಸರ್ಕಾರದ ನೌಕರಿಯಲ್ಲಿ ಪ್ರಾಶಸ್ತ್ಯವೆಂದು ಸಾರಿದನು. ೧೮೫೭ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ತೆರೆದುವು. ಆ ಮೇಲೆ ಇಂಗ್ಲಿಷ್ ಪದವೊಂದನ್ನು ಸರಿಯಾಗಿ ಬಳಸುವುದು ಪಾಂಡಿತ್ಯದ ವಿಷಯವಾಗಿ ಉಳಿಯಲಿಲ್ಲ, ಹೊಟ್ಟೆಪಾಡಿನ ವಿಷಯವಾಯಿತು. ಅರ್ಜಿಯಲ್ಲಿ ಒಂದು ಉಪಸರ್ಗ ತಪ್ಪಿದರೆ ಗುಮಾಸ್ತೆಯ ಕೆಲಸವೇ ತಪ್ಪಬಹುದು. ಕೆಲಸ ಸಿಕ್ಕಿದ ಮೇಲೆಯೂ ದೊರೆಗಳ ಊಟದ ಮೇಜಿನಲ್ಲಿ ಆ ಅರ್ಜಿಯನ್ನೋದಿ ನಗುವವರಿದ್ದರು. ೧೮೯೭ರಲ್ಲಿ ಎಫ್. ಆನ್‌ಸ್ಟಿಯು ಸೃಷ್ಟಿಸಿದ ‘ಬಾಬೂ ಜಬ್ಬರ್ಜಿ’ ಎಂಬ ಪಾತ್ರವು ಈ ನಗೆಯನ್ನೇ ಪುಸ್ತಕದ ಉದ್ದಕ್ಕೂ ಹರಡಿತು. ತಾನು ಒಂದು ಮಾತನ್ನೂ ಕಲಿಯದ ಭಾಷೆಯವನು ತನ್ನ ಭಾಷೆಯಲ್ಲಿ ಪುಟಗಟ್ಟಲೆ ಬರೆದಾಗ ಅದರಲ್ಲಿನ ತಪ್ಪಿಗೆ ನಗುವುದು ಸುಲಭ. ನಕ್ಕವನು ಆ ಭಾಷೆಯಲ್ಲಿ ನಾಲ್ಕು ಮಾತನ್ನಾಡಲು ಹೊರಟಿದ್ದರೆ ನಗೆಯ ಸರದಿ ಬದಲಾಗುತ್ತಿತ್ತು.

ನಗದೆ ಕೆಲಸಕ್ಕೆ ಕೈಹಾಕಿದ ದೊರೆಯೊಬ್ಬನುಂಟು. ಮುಂಬಯಿ ಪ್ರಾಂತದ ಸಿವಿಲ್ ಸರ್ವಿಸಿನಲ್ಲಿದ್ದ ಜಿ. ಸಿ. ವಿಟ್‌ವರ್ತನು ೧೯೦೭ರಲ್ಲಿ, ಭಾರತೀಯರು ಇಂಗ್ಲಿಷ್ ಬರೆಯುವಾಗ ಮಾಡುವ ನುಡಿಕಟ್ಟಿನ ತಪ್ಪುಗಳನ್ನು ಸಂಗ್ರಹಿಸಿ ‘ಇಂಡಿಯನ್ ಇಂಗ್ಲಿಷ್’ ಎಂಬ ಗ್ರಂಥವನ್ನು ಹೊರತಂದನು. ಅದು ಪ್ರಾಮಾಣಿಕವಾದ ಪರಿಶ್ರಮ. ಆದರೆ ತಪ್ಪುಗಳ ಪಟ್ಟಿಯು ಎಷ್ಟು ಉದ್ದವಾದರೂ ಪಟ್ಟಿಯೇ. ಪಟ್ಟಿಯಲ್ಲಿದ್ದುದನ್ನು ಬಿಟ್ಟು ಹೊಸ ತಪ್ಪನ್ನು ಮಾಡುವವನಿಗೆ ಅದು ದಾರಿ ತೋರದು. ಶಾಲೆಗಳಲ್ಲಿ ಜೆ. ಸಿ. ನೆಸ್‌ಫೀಲ್ಡನ ವ್ಯಾಕರಣಗಳೂ, ೧೯೩೦ರ ದಶಕದಿಂದೀಚೆಗೆ ರೆನ್ ಮತ್ತು ಮಾರ್ಟಿನರ ವ್ಯಾಕರಣವೂ ರಾಜ್ಯವಾಳಿದುವು. ಅವುಗಳಿಂದ ವಾಕ್ಯವನ್ನು ಬಿಡಿಸುವುದನ್ನು ಮಕ್ಕಳು ಚೆನ್ನಾಗಿ ಕಲಿತರು. ಕಟ್ಟುವುದನ್ನು ಅಷ್ಟಾಗಿ ಕಲಿಯಲಿಲ್ಲ.

ಕನ್ನಡನಾಡಿನಲ್ಲಿ ದ್ವಿಭಾಷಾಕೋಶಗಳ ಪರಂಪರೆಯು ಬಳ್ಳಾರಿಯಿಂದ ಮೊದಲಾಗುತ್ತದೆ. ಲಂಡನ್ ಮಿಷನ್ನಿನ ವಿಲಿಯಂ ರೀವನು ೧೮೨೪ರಲ್ಲಿ ಇಂಗ್ಲಿಷ್-ಕರ್ನಾಟಕ ಕೋಶವನ್ನೂ, ೧೮೩೨ರಲ್ಲಿ ಕರ್ನಾಟಕ-ಇಂಗ್ಲಿಷ್ ಕೋಶವನ್ನೂ ಪ್ರಕಟಪಡಿಸಿದನು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ೧೯೪೬ರಲ್ಲಿ ಹೊರಬಂದಿತು. ಇಂತಹ ಕೋಶಗಳಿಲ್ಲದೆ ಅನುವಾದಕಾರರ ಕೆಲಸ ನಡೆಯದು. ಆದರೂ ಇಂಗ್ಲಿಷ್ ಪದದ ಎದುರಿಗೆ ಕನ್ನಡ ಪದವನ್ನಿಟ್ಟರೆ ಇಂಗ್ಲಿಷನ್ನು ಓದುವುದಕ್ಕೆ ನೆರವಾಗುವುದೇ ಹೊರತು ಬರೆಯುವುದಕ್ಕಲ್ಲ. ಈ ಮಾತಿನ ಸತ್ಯವನ್ನು ವಿಪರೀತ ದಿಕ್ಕಿನಲ್ಲಿ ಕಾಣಬೇಕಾದರೆ ರೆವರೆಂಡ್ ಕಿಟ್ಟೆಲರ ಕೃತಿಯನ್ನು ನೋಡಬೇಕು. ೧೮೫೩ರಲ್ಲಿ ಭಾರತಕ್ಕೆ ಬಂದ ಆ ಜರ್ಮನ್ ಪಂಡಿತರು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದ ಕನ್ನಡ-ಇಂಗ್ಲಿಷ್ ಕೋಶದಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳಿವೆ. ಕಾವ್ಯಪ್ರಯೋಗಗಳೂ, ಗಾದೆಗಳೂ, ಮನೆಮಾತಿನ ವಾಕ್ಯಗಳೂ ಅಲ್ಲಿ ಪದಕ್ಕೆ ಸಾಕ್ಷಿಯಾಗಿ ನಿಂತಿವೆ. ಕನ್ನಡಿಗನು ‘ಇದನ್ನೇನು ಹೇಳುವುದು’ ಎಂದು ಬಿಟ್ಟುಬಿಡಬಹುದಾದುದನ್ನು ಹೊರಗಿನಿಂದ ಬಂದವರು ಬಿಡಲಿಲ್ಲ. ಅವರಿಗೆ ಯಾವ ಪದವೂ ತಾನಾಗಿ ಬಂದುದಲ್ಲ. ಒಂದೊಂದನ್ನೂ ದುಡಿದು ಪಡೆದುದು.

ಇಂಗ್ಲಿಷಿಗೂ ಹೀಗೆಯೇ ಹೊರಗಿನ ಕಣ್ಣು ಬೇಕಾಗಿದ್ದಿತು. ಹುಟ್ಟಿನಿಂದ ಇಂಗ್ಲಿಷರಾಗಿಯೂ, ಕಲಿಯುವ ಪರದೇಶೀಯರ ಬಳಿಯಲ್ಲಿ ವರ್ಷಗಟ್ಟಲೆ ಕುಳಿತು ಆ ಕಣ್ಣನ್ನು ಸಂಪಾದಿಸಿಕೊಂಡವರು ಮೂವರು.

ಮೊದಲನೆಯವರು ಮೈಕೆಲ್ ವೆಸ್ಟ್. ೧೯೧೨ರಲ್ಲಿ ಭಾರತದ ವಿದ್ಯಾ ಇಲಾಖೆಯನ್ನು ಸೇರಿ ಬಂಗಾಳಕ್ಕೆ ಬಂದ ಇವರು ಢಾಕೆಯ ಉಪಾಧ್ಯಾಯರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದರು. ಬಂಗಾಳದ ಮಕ್ಕಳಲ್ಲಿ ಬಹುಮಂದಿ ವಿದ್ಯೆ ಮುಗಿಯುವ ಮೊದಲೇ ಶಾಲೆಯನ್ನು ಬಿಡುತ್ತಿದ್ದರು. ವಿಮೆಯ ಪಾಲಿಸಿಯನ್ನು ನಡುವೆಯೇ ಬಿಟ್ಟುಕೊಟ್ಟವನಿಗೆ ಕೈಗೆ ಬರುವ ಮೊತ್ತವೆಷ್ಟು ಎಂದು ಕೇಳುವಂತೆ, ಎರಡು ಮೂರು ವರ್ಷ ಇಂಗ್ಲಿಷ್ ಕಲಿತು ಬಿಟ್ಟ ಹುಡುಗನಿಗೆ ದಕ್ಕಿದುದೇನೆಂದು ವೆಸ್ಟರು ೧೯೨೬ರ ತಮ್ಮ ಗ್ರಂಥದಲ್ಲಿ ಕೇಳಿದರು. ದಕ್ಕಿದುದು ಏನೂ ಇಲ್ಲವೆಂಬುದೇ ಉತ್ತರ. ಆದುದರಿಂದ, ಮಾತನಾಡುವುದಕ್ಕಿಂತ ಮೊದಲು ಓದುವ ಶಕ್ತಿಯನ್ನಾದರೂ ಕೊಡಬೇಕು, ಅದಕ್ಕೆ ಹೆಚ್ಚು ಬಳಕೆಯ ಪದಗಳನ್ನಾಯ್ದು ಪಾಠಗಳನ್ನು ಕಟ್ಟಬೇಕೆಂದು ಅವರು ನಿಶ್ಚಯಿಸಿದರು. ೧೯೩೫ರಲ್ಲಿ ಜೆ. ಜಿ. ಎಂಡಿಕಾಟರೊಡನೆ ಅವರು ಹೊರತಂದ ಸಣ್ಣ ಕೋಶದಲ್ಲಿ ೧೮,೦೦೦ ಪದಗಳಿಗೂ ೬,೦೦೦ ನುಡಿಕಟ್ಟುಗಳಿಗೂ ಅರ್ಥ ಹೇಳಿರುವುದು ಕೇವಲ ೧,೪೯೦ ಪದಗಳ ಬಲದಿಂದ. ತಿಳಿಯದ ಪದಕ್ಕೆ ಅದಕ್ಕಿಂತಲೂ ತಿಳಿಯದ ಪದದಿಂದ ಅರ್ಥ ಹೇಳುವ ಹಳೆಯ ಕೋಶಗಳ ಕೆಟ್ಟ ಚಾಳಿ ಇಲ್ಲಿ ನಿಂತಿತು. ಬಂಗಾಳದ ಹಳ್ಳಿಯ ಹುಡುಗನ ಸಂಕಟವೇ ಈ ಕೋಶದ ತಾಯಿಬೇರು ಎಂಬುದನ್ನು ಮರೆಯಲಾಗದು.

ಎರಡನೆಯವರು ಹೆರಾಲ್ಡ್ ಪಾಮರ್. ಕನ್ನಡದ ಕಿವಿಗೆ ಈ ಹೆಸರು ವಿಪರೀತಾರ್ಥವನ್ನು ಕೊಟ್ಟರೂ ಭಾಷಾಬೋಧನೆಯಲ್ಲಿ ಇವರಷ್ಟು ಆಳವಾಗಿ ಯೋಚಿಸಿದ ಪಂಡಿತರು ಆ ಕಾಲದಲ್ಲಿ ವಿರಳ. ೧೮೭೭ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವರು ಬೆಲ್ಜಿಯಮ್ಮಿನ ವೆರ್ವಿಯೆ ಎಂಬ ಊರಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದರು. ೧೯೧೪ರ ಯುದ್ಧದಲ್ಲಿ ಊರುಬಿಟ್ಟು ಬಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದರು. ೧೯೨೨ರಲ್ಲಿ ಜಪಾನಿನ ವಿದ್ಯಾಶಾಖೆಯ ಸಲಹೆಗಾರರಾಗಿ ಟೋಕಿಯೊವಿಗೆ ಹೋದರು. ಮರುವರ್ಷವೇ ಅಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗಾಗಿ ಒಂದು ಸಂಸ್ಥೆಯು ಅವರ ನಾಯಕತ್ವದಲ್ಲಿ ಏರ್ಪಟ್ಟಿತು. ಅದೇ ೧೯೨೩ನೆಯ ಸೆಪ್ಟೆಂಬರ್ ೧ರಂದು ಮಹಾಭೂಕಂಪವು ಟೋಕಿಯೊ, ಯೊಕೊಹಾಮಗಳನ್ನು ಬೂದಿಮಾಡಿತು. ಸಂಸ್ಥೆಯು ಉಳಿದು ಬೆಳೆಯಿತು. ಪಾಮರರಿಗೆ ಕಂಡುಬಂದುದೇನೆಂದರೆ, ಭಾಷೆಯ ಬಹುಭಾಗವು ಬಿಡಿಪದಗಳಿಂದ ಆದುದಲ್ಲ, ಜೊತೆಜೊತೆಯಾಗಿ ನಡೆಯುವ ಪದಗಳಿಂದ ಆದುದು ಎಂಬುದು. ‘ಸ್ಟ್ರಾಂಗ್ ಟೀ’ ಎನ್ನಬೇಕು, ‘ಪವರ್‌ಫುಲ್ ಟೀ’ ಎನ್ನಲಾಗದು. ಕನ್ನಡದಲ್ಲಿಯೂ ಮಳೆ ‘ಹೊಯ್ಯುತ್ತದೆ’, ಗಾಳಿ ‘ಬೀಸುತ್ತದೆ’, ಗುಡುಗು ‘ಗುಡುಗುತ್ತದೆ’. ಇವನ್ನು ಅದಲುಬದಲು ಮಾಡಿದವನು ಪರವೂರಿನವನೆಂದು ಕೂಡಲೇ ತಿಳಿಯುತ್ತದೆ. ಇಂತಹ ಪದಜೋಡಿಗಳನ್ನು ಸಂಗ್ರಹಿಸಿದ ಒಂದು ವರದಿಯನ್ನು ಸಂಸ್ಥೆಯು ೧೯೩೩ರಲ್ಲಿ ಪ್ರಕಟಿಸಿತು. ೧೯೩೬ರಲ್ಲಿ ಪಾಮರರು ಇಂಗ್ಲೆಂಡಿಗೆ ಮರಳಿದರು. ೧೯೩೮ರಲ್ಲಿ, ಅತ್ಯವಶ್ಯವಾದ ಸಾವಿರ ಪದಗಳ ಒಂದೊಂದರ ವ್ಯಾಕರಣವನ್ನು ತಿಳಿಸುವ ಗ್ರಂಥವೊಂದು ಅವರಿಂದ ಹೊರಬಂದಿತು.

ಮೂರನೆಯವರು ಎ. ಎಸ್. ಹಾರ್ನ್‌ಬಿ. ೧೮೯೮ರಲ್ಲಿ ಚೆಸ್ಟರ್ ಪಟ್ಟಣದಲ್ಲಿ ಹುಟ್ಟಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪದವೀಧರರಾದ ಇವರು ೧೯೨೪ರಲ್ಲಿ ಜಪಾನಿನ ಕ್ಯೂಷು ದ್ವೀಪದ ಓಯಿಟ ಎಂಬ ಊರಿಗೆ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಲು ಹೋದರು. ವಿದ್ಯಾರ್ಥಿಗಳಿಗೆ ಬೇಕಾದುದು ಸಾಹಿತ್ಯಕ್ಕಿಂತ ಮೊದಲು ಭಾಷೆಯೆಂಬುದು ಅವರಿಗೆ ಬೇಗನೆ ಮನದಟ್ಟಾಯಿತು. ಪಾಮರರೊಡನೆ ಪತ್ರವ್ಯವಹಾರ ಬೆಳೆಯಿತು. ಪದಜೋಡಿಗಳ ಕೆಲಸದಲ್ಲಿ ಇವರದೂ ಕೈಯಿದ್ದಿತು. ಮುಂದೆ ಇವರು ಟೋಕಿಯೊವಿಗೇ ಬಂದರು. ಪಾಮರರು ಹೋದ ಮೇಲೆ ಸಂಸ್ಥೆಯ ಪತ್ರಿಕೆಯ ಭಾರವು ಇವರ ಮೇಲೆ ಬಿದ್ದಿತು. ಜಪಾನಿನಲ್ಲಿಯೇ ಉಪಾಧ್ಯಾಯರಾಗಿದ್ದ ಇ. ವಿ. ಗೇಟನ್‌ಬಿ, ಎಚ್. ವೇಕ್‌ಫೀಲ್ಡ್ ಎಂಬ ಇಬ್ಬರನ್ನು ಜೊತೆಗೂಡಿಸಿಕೊಂಡು ಹಾರ್ನ್‌ಬಿಯವರು ಕೋಶದ ಕೆಲಸಕ್ಕೆ ತೊಡಗಿದರು.

ಆ ಕೋಶದ ವಿಶೇಷವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಇಂಗ್ಲಿಷ್ ಕ್ರಿಯಾಪದಗಳೆಲ್ಲ ವಾಕ್ಯದಲ್ಲಿ ಒಂದೇ ರೀತಿಯಾಗಿ ನಡೆಯುವುದಿಲ್ಲ. ಒಂದೊಂದಕ್ಕೂ ಒಂದೊಂದು ಅಚ್ಚುಂಟು. ಅಂತಹ ಅಚ್ಚುಗಳನ್ನು ಹಾರ್ನ್‌ಬಿಯವರು ಇಪ್ಪತ್ತೈದೆಂದು ಎಣಿಸಿ, ಅವುಗಳಿಗೆ ಸಂಖ್ಯೆಗಳನ್ನಿತ್ತು, ಪ್ರತಿಯೊಂದು ಕ್ರಿಯಾಪದದ ಪ್ರತಿಯೊಂದು ಅರ್ಥದ ಪಕ್ಕದಲ್ಲಿಯೂ ಅದು ಸೇರುವ ಅಚ್ಚಿನ ಸಂಖ್ಯೆಯನ್ನು ಬರೆದರು. ‘ನನಗೆ ಹೇಳು’, ‘ನನಗೆ ವಿವರಿಸು’ ಎಂಬೆರಡರಲ್ಲಿಯೂ ಕನ್ನಡದ ಚತುರ್ಥೀ ವಿಭಕ್ತಿಯು ಒಂದೇ. ಇಂಗ್ಲಿಷಿನಲ್ಲಾದರೋ ‘ಟೆಲ್ ಮಿ’ ಎಂಬುದು ಸರಿ, ‘ಎಕ್ಸ್‌ಪ್ಲೇನ್ ಮಿ’ ಎಂಬುದು ತಪ್ಪು. ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಎನ್ನಬೇಕು. ‘ಬರೆಯಲು ಇಚ್ಛಿಸುತ್ತೇನೆ’, ‘ಬರೆಯಲು ಇಷ್ಟವಿಲ್ಲದೆ ತಪ್ಪಿಸಿಕೊಳ್ಳುತ್ತೇನೆ’ ಎಂದು ಕನ್ನಡದಲ್ಲಿ ‘ಬರೆಯಲು’ ಎಂಬ ಒಂದೇ ರೂಪವು ಸಾಗುವುದು. ಇಂಗ್ಲಿಷಿನ ‘ವಿಶ್’ಗೆ ‘ಟು ರೈಟ್’ ಬೇಕು, ‘ಅವಾಯ್ಡ್’ಗೆ ‘ರೈಟಿಂಗ್’ ಬೇಕು. ಅರ್ಥದಿಂದ ಇವನ್ನು ಊಹಿಸಲು ಬಾರದು. ಅರ್ಥವು ಹತ್ತಿರವಾಗಿರುವ ಎರಡು ಪದಗಳು ಅಚ್ಚಿನಲ್ಲಿ ದೂರವಾಗಿರಬಹುದು. ಅಚ್ಚಿನಲ್ಲಿ ಒಂದಾದುವು ಅರ್ಥದಲ್ಲಿ ಸಂಬಂಧವಿಲ್ಲದವಾಗಿರಬಹುದು. ಆದುದರಿಂದ ಪ್ರತಿಯೊಂದನ್ನೂ ಬೇರೆಯಾಗಿ ಹೇಳದೆ ಗತ್ಯಂತರವಿಲ್ಲ. ಕೆಂಪು ಮಸಿಯ ಉಪಾಧ್ಯಾಯನಿಗೆ ಹೊಳೆಯದಿದ್ದ ಉತ್ತರವು ಇಲ್ಲಿ ಸಂಖ್ಯೆಯ ರೂಪದಲ್ಲಿ ಅಚ್ಚಾಯಿತು.

ನಾಮಪದಗಳ ವಿಷಯದಲ್ಲಿಯೂ ಹೀಗೆಯೇ. ಎಣಿಸಲು ಬರುವ ನಾಮಪದಕ್ಕೆ ಒಂದು ಗುರುತು, ಎಣಿಸಲು ಬಾರದುದಕ್ಕೆ ಮತ್ತೊಂದು. ಇದು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಕುರ್ಚಿ, ಮೇಜು, ಮಂಚಗಳನ್ನು ಕಣ್ಣಮುಂದೆ ಎಣಿಸುತ್ತ ನಿಂತವನಿಗೆ ‘ಫರ್ನಿಚರ್’ ಎಂಬುದಕ್ಕೆ ಬಹುವಚನವಿಲ್ಲವೆಂದು ಯಾವ ತರ್ಕವು ಹೇಳಿಕೊಡಬಲ್ಲುದು? ಹಿರಿಯರು ಕೊಟ್ಟ ಬುದ್ಧಿವಾದಗಳು ಹತ್ತಾದರೂ ಇಂಗ್ಲಿಷಿನಲ್ಲಿ ‘ಅಡ್ವೈಸ್’ ಒಂದೇ. ‘ನ್ಯೂಸ್’ ಬಹುವಚನದ ವೇಷ ಹಾಕಿಕೊಂಡೂ ಏಕವಚನ. ಅರ್ಜಿಗಳಲ್ಲಿ ‘ಫರ್ನಿಚರ್ಸ್’, ‘ಅಡ್ವೈಸಸ್’ ಎಂದು ಬರೆದು ನಗೆಗೀಡಾದವರ ತಪ್ಪು ಬುದ್ಧಿಯ ತಪ್ಪಾಗಿರಲಿಲ್ಲ. ಅವರು ನೋಡಿದ ಕೋಶಗಳು ಆ ಸಂಗತಿಯನ್ನು ಅವರಿಗೆ ತಿಳಿಸಲೇ ಇಲ್ಲ. ೧೮೮೪ರಿಂದ ಸಂಚಿಕೆ ಸಂಚಿಕೆಯಾಗಿ ಬಂದು ೧೯೨೮ರಲ್ಲಿ ಪೂರ್ಣವಾದ ಆಕ್ಸ್‌ಫರ್ಡಿನ ಮಹಾಕೋಶವು ಪ್ರತಿಪದದ ಜನ್ಮವೃತ್ತಾಂತವನ್ನೂ ಹೇಳುತ್ತದೆ. ಈ ಸಣ್ಣ ಗುರುತನ್ನು ಮಾತ್ರ ಹಾಕುವ ಗೋಜಿಗೆ ಹೋಗಲಿಲ್ಲ. ಅದನ್ನು ತೆರೆಯುವ ಇಂಗ್ಲಿಷನಿಗೆ ಅದು ಬೇಕಿರಲಿಲ್ಲ.

ಹಸ್ತಪ್ರತಿಯು ಟೋಕಿಯೊವಿನ ಕೈತಕುಷ ಎಂಬ ಪ್ರಕಾಶನಾಲಯದ ಕೈಸೇರಿದ್ದಿತು. ೧೯೪೧ನೆಯ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಿದ್ದು, ಬ್ರಿಟಿಷ್ ಮಲಯಾ, ಹಾಂಕಾಂಗುಗಳಿಗೂ ಸೇನೆಯನ್ನು ನುಗ್ಗಿಸಿತು. ಟೋಕಿಯೊವಿನಲ್ಲಿದ್ದ ಹಾರ್ನ್‌ಬಿಯವರು ಶತ್ರುರಾಷ್ಟ್ರದ ಪ್ರಜೆಯಾಗಿ ಸೆರೆಯಲ್ಲಿಡಲ್ಪಟ್ಟರು. ೧೯೪೨ರಲ್ಲಿ, ಎರಡು ಪಕ್ಷದವರೂ ಪ್ರಜೆಗಳನ್ನು ಬದಲಾಯಿಸಿಕೊಂಡಾಗ, ದೇಶಕ್ಕೆ ಮರಳಲು ಅವರಿಗೆ ಅವಕಾಶವಾಯಿತು. ಜಪಾನಿನಲ್ಲಿ ಇಂಗ್ಲಿಷು ‘ಶತ್ರುಭಾಷೆ’ಯೆಂದು ಹೆಸರಾಗಿ, ೧೯೪೩ರ ಹೊತ್ತಿಗೆ ಬೇಸ್‌ಬಾಲ್ ಆಟದ ‘ಸ್ಟ್ರೈಕ್’ ಮೊದಲಾದ ಮಾತುಗಳನ್ನೂ ಜಪಾನೀ ಮಾತುಗಳಿಂದ ಬದಲಾಯಿಸಿದರು. ಅಂತಹ ಕಾಲದಲ್ಲಿ, ೧೯೪೨ರಲ್ಲಿಯೇ, ಇಂಗ್ಲಿಷಿನ ನುಡಿಕಟ್ಟನ್ನೂ ವಾಕ್ಯರಚನೆಯನ್ನೂ ಕಲಿಸುವ ಆ ಕೋಶವನ್ನು ಟೋಕಿಯೊವಿನ ಪ್ರಕಾಶಕರು ಅಚ್ಚುಹಾಕಿ ಹೊರಡಿಸಿದರು. ಸಿಂಗಪುರದಲ್ಲಿ ಬ್ರಿಟಿಷ್ ಧ್ವಜವು ಇಳಿದ ವರ್ಷವೇ ಟೋಕಿಯೊವಿನ ಅಂಗಡಿಯಲ್ಲಿ ಇಂಗ್ಲಿಷ್ ಕೋಶವು ಮಾರಾಟಕ್ಕೆ ಬಂದಿತು. ಗ್ರಂಥವನ್ನು ಕಟ್ಟಿದವರು ಒಂದು ಪಕ್ಷ, ಅಚ್ಚುಮಾಡಿದವರು ಇನ್ನೊಂದು ಪಕ್ಷ. ಮೊಳೆ ಜೋಡಿಸಿದ ಕೈಗಳಿಗೆ ಈ ಭೇದ ಅಷ್ಟಾಗಿ ತೋರದೆ ಇದ್ದಿರಬೇಕು. ಯುದ್ಧದ ಗದ್ದಲದಲ್ಲಿ ಹಸ್ತಪ್ರತಿಯೊಂದು ಕಳೆದುಹೋಗುವುದು ಎಷ್ಟು ಸುಲಭವೆಂಬುದನ್ನು ನೆನೆದರೆ ಆ ಪ್ರಕಾಶಕರ ಪ್ರಾಮಾಣಿಕತೆಗೆ ತಲೆಬಾಗಬೇಕಾಗುತ್ತದೆ.

ಹಾರ್ನ್‌ಬಿಯವರು ಬ್ರಿಟಿಷ್ ಕೌನ್ಸಿಲ್ಲಿನ ಪರವಾಗಿ ಇರಾಣಕ್ಕೆ ಹೋಗಿ ಯುದ್ಧದ ಉಳಿದ ವರ್ಷಗಳನ್ನು ತೆಹರಾನಿನಲ್ಲಿ ಕಳೆದರು. ೧೯೪೬ರಲ್ಲಿ ಇಂಗ್ಲಿಷ್ ಬೋಧನೆಗೆ ಮೀಸಲಾದ ಪತ್ರಿಕೆಯೊಂದನ್ನು ಲಂಡನ್ನಿನಲ್ಲಿ ಆರಂಭಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದವರು ಟೋಕಿಯೊವಿನ ಕೋಶವನ್ನು ಪಡೆದು, ಮೊಳೆಗಳನ್ನು ಹೊಸದಾಗಿ ಜೋಡಿಸದೆ ಪುಟಗಳ ಛಾಯಾಚಿತ್ರವನ್ನೇ ತೆಗೆದು, ೧೯೪೮ರಲ್ಲಿ ಪ್ರಕಟಿಸಿದರು. ಹೀಗೆ ಆಕ್ಸ್‌ಫರ್ಡಿನ ಹೆಸರಿನಲ್ಲಿ ಜಗತ್ತಿಗೆ ಪರಿಚಿತವಾದ ಕೋಶದ ಮೊದಲ ಅಚ್ಚಿನಲ್ಲಿ ಕಾಣುವ ಅಕ್ಷರಗಳು ಟೋಕಿಯೊವಿನ ಮೊಳೆಗಳವು. ೧೯೫೨ರಲ್ಲಿ ಹೆಸರಿಗೆ ‘ಅಡ್ವಾನ್ಸ್‌ಡ್’ ಎಂಬ ವಿಶೇಷಣವು ಸೇರಿತು. ಎರಡನೆಯ ಆವೃತ್ತಿ ೧೯೬೩ರಲ್ಲಿ, ಮೂರನೆಯದು ೧೯೭೪ರಲ್ಲಿ, ಹತ್ತನೆಯದು ೨೦೨೦ರಲ್ಲಿ ಹೊರಬಂದುವು. ೧೯೬೧ರಲ್ಲಿ ಹಾರ್ನ್‌ಬಿಯವರು ತಮಗೆ ಬರುತ್ತಿದ್ದ ಗೌರವಧನದ ಬಹುಭಾಗವನ್ನು ಒಂದು ಧರ್ಮನಿಧಿಗೆ ಬಿಟ್ಟುಕೊಟ್ಟು, ಇಂಗ್ಲಿಷ್ ಕಲಿಸುವ ಪರದೇಶದ ಉಪಾಧ್ಯಾಯರ ಶಿಕ್ಷಣಕ್ಕೆ ಮೀಸಲಿಟ್ಟರು. ಅವರು ತೀರಿಕೊಂಡುದು ೧೯೭೮ರಲ್ಲಿ.

ಕೋಶದಲ್ಲಿ ಕುಂದುಗಳಿರಲಿಲ್ಲವೆಂದು ಹೇಳುವಂತಿಲ್ಲ. ಇಪ್ಪತ್ತೈದು ಅಚ್ಚುಗಳ ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ತಾಳ್ಮೆ ಸಾಮಾನ್ಯ ವಿದ್ಯಾರ್ಥಿಗೆ ಇರುವುದಿಲ್ಲ. ಬಹುಮಂದಿ ಸಂಖ್ಯೆಯನ್ನು ದಾಟಿ ಅರ್ಥವನ್ನಷ್ಟೇ ನೋಡಿ ಪುಸ್ತಕವನ್ನು ಮುಚ್ಚಿದರು. ಉದಾಹರಣವಾಕ್ಯಗಳು ಸಂಪಾದಕರೇ ಕಟ್ಟಿದುವಾದುದರಿಂದ ಕೆಲವೆಡೆ ಪಾಠಶಾಲೆಯ ವಾಸನೆ ಬರುತ್ತಿದ್ದಿತು. ಈ ಎರಡು ಕೊರತೆಗಳನ್ನು ತುಂಬಲು ಮುಂದಿನವರು ಯತ್ನಿಸಿದರು. ೧೯೭೮ರ ಲಾಂಗ್‌ಮನ್ ಕೋಶವು ವೆಸ್ಟರ ದಾರಿಯನ್ನು ಹಿಡಿದು ಸುಮಾರು ೨,೦೦೦ ಪದಗಳಿಂದಲೇ ಅರ್ಥಗಳನ್ನು ಹೇಳಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ಸಿಂಕ್ಲೇರರು ಗಣಕಯಂತ್ರದಲ್ಲಿ ಕೋಟಿಗಟ್ಟಲೆ ಪದಗಳ ನಿಜವಾದ ಬರಹಗಳನ್ನು ಕೂಡಿಟ್ಟು, ೧೯೮೭ರಲ್ಲಿ ಹೊರತಂದ ‘ಕೋಬಿಲ್ಡ್’ ಕೋಶದಲ್ಲಿ ಅರ್ಥವನ್ನೂ ಪೂರ್ಣವಾಕ್ಯದಲ್ಲಿಯೇ ಹೇಳಿದರು. ಸಂಖ್ಯೆಯನ್ನು ನೋಡದವನಿಗೂ ಆ ವಾಕ್ಯದಲ್ಲಿಯೇ ಅಚ್ಚು ಕಾಣುತ್ತದೆ. ಜಾನ್ಸನ್ನನು ಆರು ಮಂದಿ ಬರಹಗಾರರಿಂದ ಮಾಡಿಸಿದ ಕೆಲಸವೇ ಇದು; ಮಾಡಿದುದು ಯಂತ್ರವೆಂಬುದಷ್ಟೇ ಬೇರೆ.

ಕರ್ನಾಟಕದ ಉಪಾಧ್ಯಾಯರಿಗೂ ಈ ಚರಿತ್ರೆಯಲ್ಲಿ ಪಾಲುಂಟು. ದಕ್ಷಿಣ ಭಾರತದ ಪ್ರಾಂತೀಯ ಇಂಗ್ಲಿಷ್ ಸಂಸ್ಥೆಯು ೧೯೬೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ವಾಕ್ಯದ ಅಚ್ಚುಗಳನ್ನು ಒಂದಾದ ಮೇಲೊಂದರಂತೆ ಬಾಯಿಪಾಠ ಮಾಡಿಸುವ ಪದ್ಧತಿಯು ಶಾಲೆಗಳಲ್ಲಿ ಬಲವಾಗಿ ನೆಲೆಗೊಂಡಿದ್ದ ಕಾಲವದು. ಹಾರ್ನ್‌ಬಿಯವರ ಅಚ್ಚುಗಳು ಕೋಶದಲ್ಲಿ ಹುಡುಕುವುದಕ್ಕಾಗಿ ಹುಟ್ಟಿದುವು. ತರಗತಿಯಲ್ಲಿ ಅವನ್ನು ಮಂತ್ರದಂತೆ ಹೇಳಿಸಿದರೆ ಹುಡುಗನ ನಾಲಿಗೆ ತಿರುಗುವುದು, ಮನಸ್ಸು ತಿರುಗದು. ಈ ಪದ್ಧತಿಯನ್ನು ಪ್ರಶ್ನಿಸಿದ ಎನ್. ಎಸ್. ಪ್ರಭು ಅವರು, ೧೯೭೯ರಿಂದ ೧೯೮೪ರ ವರೆಗೆ, ಬೆಂಗಳೂರು ಮೊದಲಾದ ದಕ್ಷಿಣದ ಊರುಗಳ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಮಕ್ಕಳಿಗೆ ವ್ಯಾಕರಣವನ್ನು ಹೇಳದೆ, ರೈಲಿನ ವೇಳಾಪಟ್ಟಿಯನ್ನು ನೋಡಿ ಉತ್ತರಿಸುವುದು, ನಕ್ಷೆಯಲ್ಲಿ ದಾರಿಯನ್ನು ಕಂಡುಹಿಡಿಯುವುದು ಮೊದಲಾದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಅರ್ಥದ ಮೇಲೆ ಮನಸ್ಸು ನಿಂತಾಗ ರೂಪವು ತಾನಾಗಿ ಕೂಡಿಬರುವುದೆಂಬುದು ಅವರ ಮತ. ‘ಬೆಂಗಳೂರು ಯೋಜನೆ’ಯೆಂಬ ಹೆಸರಿನಿಂದ ಅದು ಭಾಷಾಬೋಧನೆಯ 
ಗ್ರಂಥಗಳಲ್ಲಿ ದೇಶದೇಶಗಳಲ್ಲಿ ಚರ್ಚೆಗೆ ಬಂದಿತು. ಕೆಂಪು ಮಸಿಯನ್ನು ಪೂರ್ತಿಯಾಗಿ ಬಿಡಲು ಸಾಧ್ಯವೇ ಎಂಬ ವಾದವು ಅಲ್ಲಿಗೆ ತೀರಲಿಲ್ಲ.

ತಪ್ಪು ಒಪ್ಪುಗಳ ಗಡಿಯೂ ಈ ನಡುವೆ ಕೊಂಚ ಸರಿದಿದೆ. ‘ಪೋಸ್ಟ್‌ಪೋನ್’ ಎಂಬುದಕ್ಕೆ ಎದುರಾಗಿ, ಗೊತ್ತಾದ ವೇಳೆಯನ್ನು ಹಿಂದಕ್ಕೆಳೆದುಕೊಳ್ಳುವುದಕ್ಕೆ ಭಾರತೀಯರು ಕಟ್ಟಿಕೊಂಡ ‘ಪ್ರೀಪೋನ್’ ಎಂಬ ಮಾತನ್ನು ವಿಟ್‌ವರ್ತನು ಕಂಡಿದ್ದರೆ ತನ್ನ ಪಟ್ಟಿಯಲ್ಲಿ ನಿಶ್ಚಯವಾಗಿಯೂ ಸೇರಿಸುತ್ತಿದ್ದನು. ಹಾರ್ನ್‌ಬಿಯವರ ಕೋಶದ ಈಚಿನ ಆವೃತ್ತಿಗಳಲ್ಲಿ ಅದು ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಡನೆ ತನ್ನ ಸ್ಥಾನದಲ್ಲಿ ಕುಳಿತಿದೆ. ಆದರೆ ‘ಡಿಸ್ಕಸ್’ ಎಂಬ ಪದವನ್ನು ತೆಗೆದವನಿಗೆ, ಅದರ ಮುಂದೆ ‘ಅಬೌಟ್’ ಹಾಕಲಾಗದೆಂಬ ಎಚ್ಚರಿಕೆಯು ಅದೇ ಕೋಶದಲ್ಲಿ ಇಂದಿಗೂ ಕಾಣುತ್ತದೆ. ‘ಒಂದು ವಿಷಯವನ್ನು ಕುರಿತು ಚರ್ಚಿಸಿದರು’ ಎಂದು ಕನ್ನಡದಲ್ಲಿ ಬರೆದು ಬಂದ ಕೈಯು ಅಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ.